ಮೈ ತುಂಬಿಸುವ ಮೇವು: ಮಾಂಸದ ದನಗಳಿಗೆ ಬೆಳೆ, ಕೊಯ್ಲಿನ ಹದ ಮತ್ತು ರಸಮೇವು

ಗೋದಲೆ ತುಂಬ ಹಸಿರು ಸುರಿದರೂ ದನ ಮೈ ಹಿಡಿಯುತ್ತಿಲ್ಲ ಎಂಬ ದೂರು ಬಂದಾಗ ಕಾರಣ ಬಹುತೇಕ ಎರಡರಲ್ಲೊಂದು. ಮೇವಿನಲ್ಲಿ ನೀರೇ ಹೆಚ್ಚಿರುತ್ತದೆ, ಇಲ್ಲವೇ ಮೇವನ್ನು ಹದ ಮೀರಿದ ಮೇಲೆ ಕೊಯ್ದಿರುತ್ತಾರೆ. ಮಾಂಸಕ್ಕೆಂದು ಸಾಕುವ ದನ ಬೆಳೆಯುವುದು ಮೇವಿನಲ್ಲಿ ನೀರು ಕಳೆದು ಉಳಿಯುವ ಒಣಾಂಶದಿಂದ, ಮತ್ತು ಆ ಒಣಾಂಶದಲ್ಲಿ ಜೀರ್ಣವಾಗುವ ಭಾಗದಿಂದ. ತಳಿ, ಬೀಜ, ಗೊಬ್ಬರ, ಯಂತ್ರ ಯಾವುದನ್ನು ಆರಿಸುವಾಗಲೂ ಈ ಎರಡು ಲೆಕ್ಕವನ್ನು ಮುಂದಿಟ್ಟುಕೊಳ್ಳಿ.

ಬಿತ್ತುವ ಮೊದಲು ಲೆಕ್ಕ

ದನದ ತೂಕ ಗೊತ್ತಿಲ್ಲದೆ ಮೇವಿನ ಲೆಕ್ಕ ಹಾಕಲಾಗದು. ತಕ್ಕಡಿ ಇಲ್ಲದಿದ್ದರೆ ಅಳತೆ ಟೇಪು ಸಾಕು. ಮುಂಗಾಲಿನ ಹಿಂದೆಯೇ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆಯಿರಿ. ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯ ತುದಿವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 60, ಉದ್ದ 55 ಇದ್ದರೆ 300 ಕಿಲೋ. ಇದು ಅಂದಾಜು ತೂಕ, ಆದರೆ ತಿಂಗಳಿಗೊಮ್ಮೆ ಒಂದೇ ಹೊತ್ತಿಗೆ, ದನ ನೆಟ್ಟಗೆ ನಿಂತಿರುವಾಗ ಅಳೆದರೆ ಏರಿಕೆ ಎಷ್ಟೆಂದು ತಿಳಿಯಲು ಸಾಕಾಗುತ್ತದೆ.

ಬೆಳೆಯುವ ದನ ದಿನಕ್ಕೆ ತನ್ನ ತೂಕದ ಶೇ. 2.5ರಿಂದ 3ರಷ್ಟು ಒಣಾಂಶ ತಿನ್ನುತ್ತದೆ. 300 ಕಿಲೋದ ಹೋರಿಗೆ ಸುಮಾರು 8 ಕಿಲೋ ಎಂದಿಟ್ಟುಕೊಳ್ಳಿ. ಶೇ. 20 ಒಣಾಂಶದ ಹುಲ್ಲಾದರೆ ಇದಕ್ಕೆ 40 ಕಿಲೋ ಹಸಿರು ಬೇಕು. ಮಳೆಗಾಲದ ಎಳೆಯ ಹುಲ್ಲಿನಲ್ಲಿ ಒಣಾಂಶ ಶೇ. 14ಕ್ಕೆ ಇಳಿದಿದ್ದರೆ ಅದೇ 8 ಕಿಲೋಗೆ 57 ಕಿಲೋ ಹಸಿರು ಬೇಕಾಗುತ್ತದೆ. ಅಷ್ಟನ್ನು ಆ ಹೊಟ್ಟೆ ಹಿಡಿಯುವುದಿಲ್ಲ. ಹೊಟ್ಟೆ ಬಿಗಿದಿರುತ್ತದೆ, ಮೈ ಮಾತ್ರ ತುಂಬುವುದಿಲ್ಲ.

ಒಣಾಂಶವನ್ನು ಮನೆಯಲ್ಲೇ ಅಳೆಯಬಹುದು. ಕತ್ತರಿಸಿದ ಮೇವನ್ನು ರಾಶಿಯ ನಾಲ್ಕೈದು ಕಡೆಯಿಂದ ತೆಗೆದು ಬೆರೆಸಿ, ಸರಿಯಾಗಿ 1 ಕಿಲೋ ತೂಗಿ, ಚೀಲದ ಮೇಲೆ ತೆಳುವಾಗಿ ಹರವಿ ಬಿಸಿಲಿಗಿಡಿ. ತೂಕ ಇಳಿಯುವುದು ನಿಲ್ಲುವವರೆಗೆ, ಎರಡು ಮೂರು ದಿನ, ಒಣಗಿಸಿ. ಬಿಸಿಲಿನಲ್ಲಿ ಒಣಗಿದ್ದರಲ್ಲೂ ಶೇ. 10ರಷ್ಟು ತೇವ ಉಳಿದಿರುತ್ತದೆ. ಕೊನೆಗೆ 220 ಗ್ರಾಂ ಬಂದರೆ ಒಣಾಂಶ ಸುಮಾರು 198 ಗ್ರಾಂ, ಅಂದರೆ ಶೇ. 20. ಹಂಗಾಮು ಬದಲಾದಾಗಲೆಲ್ಲ ಈ ಪರೀಕ್ಷೆ ಮಾಡಿ.

ಈಗ ಜಮೀನಿನ ಲೆಕ್ಕ. ಸರಾಸರಿ 300 ಕಿಲೋದ 10 ದನಗಳಿಗೆ ದಿನಕ್ಕೆ 80 ಕಿಲೋ, ವರ್ಷಕ್ಕೆ ಸುಮಾರು 29 ಟನ್ ಒಣಾಂಶ ಬೇಕು. ಕೊಯ್ಲು, ಸಾಗಣೆ, ಗೋದಲೆಯಲ್ಲಿ ಹಾಳಾಗುವುದು ಸೇರಿಸಿದರೆ 33 ಟನ್. ಇದರ ಕಾಲು ಭಾಗ ಹಿಂಡಿ, ಕಾಳಿನ ನುಚ್ಚು, ತೌಡಿನಿಂದ ಬಂದರೆ ಮೇವಿನಿಂದ ಬರಬೇಕಾದದ್ದು 25 ಟನ್. ನೀರಾವರಿ ಇರುವಲ್ಲಿ ಇದನ್ನು ಹೀಗೆ ಹೊಂದಿಸಬಹುದು: ಹೈಬ್ರಿಡ್ ನೇಪಿಯರ್ 1 ಎಕರೆ, ವರ್ಷಕ್ಕೆ 75 ಟನ್ ಹಸಿರು, 14 ಟನ್ ಒಣಾಂಶ, ಕುದುರೆ ಮೆಂತೆ ಅರ್ಧ ಎಕರೆ, 15 ಟನ್ ಹಸಿರು, 3 ಟನ್ ಒಣಾಂಶ, ರಸಮೇವಿಗೆ (ಹಸಿರು ಮೇವನ್ನು ಕತ್ತರಿಸಿ ಗುಂಡಿಯಲ್ಲಿ ಗಾಳಿಯಾಡದಂತೆ ಅದುಮಿ ಹುಳಿಸಿಡುವ ಸೈಲೇಜ್) ಮೆಕ್ಕೆಜೋಳ 1 ಎಕರೆ, ಒಂದೇ ಬೆಳೆ, 16 ಟನ್, 5 ಟನ್ ಒಣಾಂಶ, ಉಳಿದ 3 ಟನ್ ಒಣ ಹುಲ್ಲು. ಬೀಜದ ಚೀಲದ ಮೇಲೆ ಇದಕ್ಕಿಂತ ಹೆಚ್ಚಿನ ಇಳುವರಿ ಬರೆದಿರಬಹುದು. ಅದನ್ನು ನಂಬಿ ದನ ತಂದು ಕಟ್ಟಿ, ಆಮೇಲೆ ಮೇವಿಗೆ ಅಲೆಯುವುದಕ್ಕಿಂತ ಕಡಿಮೆ ಹಿಡಿದು ಲೆಕ್ಕ ಹಾಕುವುದೇ ಕ್ಷೇಮ.

ಯಾವ ನೆಲಕ್ಕೆ ಯಾವ ಬೆಳೆ

ನೀರು, ಬಿಸಿಲು ಎರಡೂ ಇದ್ದರೆ ಹೈಬ್ರಿಡ್ ನೇಪಿಯರ್. ಮರಗಳ ನೆರಳಿದ್ದರೆ ಗಿನಿ ಹುಲ್ಲು. ನೀರು ನಿಲ್ಲುವ ತಗ್ಗಿನಲ್ಲಿ ನೇಪಿಯರ್ ಬೇರು ಕೊಳೆಯುತ್ತದೆ, ಅಲ್ಲಿ ಪ್ಯಾರಾ ಹುಲ್ಲು ಹಾಕಿ. ಚೌಳು ನೆಲವನ್ನು ರೋಡ್ಸ್ ಹುಲ್ಲು ಚೆನ್ನಾಗಿ ತಾಳುತ್ತದೆ. ಮಳೆಯೊಂದೇ ಆಧಾರವಾದರೆ ಜೋಳ, ಜೊತೆಗೆ ಅಲಸಂದೆ. ಬದು ಮತ್ತು ಬೀಳು ನೆಲಕ್ಕೆ ಸ್ಟೈಲೊ ಎಂಬ ದ್ವಿದಳ ಮೇವು. ಚಳಿಯ ಹಂಗಾಮಿನಲ್ಲಿ ಮೇಲಿನ ಹುಲ್ಲುಗಳ ಬೆಳವಣಿಗೆ ಕುಂಠಿತವಾಗುತ್ತದೆ, ಹಿಮ ಬೀಳುವ ಕಡೆ ಪೂರ್ತಿ ನಿಲ್ಲುತ್ತದೆ. ಅಲ್ಲಿ ಓಟ್ಸ್, ರೈ ಹುಲ್ಲು, ಕ್ಲೋವರ್ ಬೆಳೆಯುತ್ತಾರೆ.

ಹುಲ್ಲಿನ ಜೊತೆ ದ್ವಿದಳ ಮೇವು ಇರಲೇಬೇಕು. ಮೇವಿನ ಒಣಾಂಶದಲ್ಲಿ ಕಚ್ಚಾ ಪ್ರೋಟೀನು ಶೇ. 7ಕ್ಕಿಂತ ಕೆಳಗಿಳಿದರೆ ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದು. ಆಗ ನಾರು ಕರಗುವುದು ನಿಧಾನವಾಗಿ ದನ ತಿನ್ನುವುದೇ ಕಡಿಮೆಯಾಗುತ್ತದೆ. ಬೆಳೆಯುವ ದನದ ಒಟ್ಟು ಆಹಾರದಲ್ಲಿ ಶೇ. 11ರಿಂದ 13 ಪ್ರೋಟೀನು ಬೇಕು. ಒಣ ಹುಲ್ಲಿನಲ್ಲಿ ಶೇ. 3ರಿಂದ 4 ಇರುತ್ತದೆ, ಹದದಲ್ಲಿ ಕೊಯ್ದ ನೇಪಿಯರಿನಲ್ಲಿ 8ರಿಂದ 10, ಅಲಸಂದೆಯಲ್ಲಿ 15ರಿಂದ 18, ಕುದುರೆ ಮೆಂತೆಯಲ್ಲಿ 18ರಿಂದ 22.

ಹೈಬ್ರಿಡ್ ನೇಪಿಯರ್

ಇದು ಸಜ್ಜೆ ಮತ್ತು ನೇಪಿಯರ್ ಹುಲ್ಲಿನ ಸಂಕರ. ಮೊಳೆಯುವ ಬೀಜ ಕಟ್ಟುವುದಿಲ್ಲ, ಹಾಗಾಗಿ ಕಾಂಡದ ತುಂಡು ಅಥವಾ ಬೇರು ಬಿಟ್ಟ ಮರಿಗಳಿಂದಲೇ ನಾಟಿ. ಒಮ್ಮೆ ನೆಟ್ಟರೆ ಮೂರ್ನಾಲ್ಕು ವರ್ಷ ಕೂಳೆ ಕೊಡುತ್ತದೆ. ಅಷ್ಟು ವರ್ಷ ನಿಲ್ಲುವ ಬೆಳೆ ಆದ್ದರಿಂದ ಮೊದಲ ಉಳುಮೆಯಲ್ಲಿ ಅವಸರ ಬೇಡ. ಎರಡು ಸಲ ಆಳವಾಗಿ ಉತ್ತು, ಗರಿಕೆ ಮತ್ತು ಜೇಕಿನ ಗಡ್ಡೆ ಆರಿಸಿ ತೆಗೆದು, ಎಕರೆಗೆ 10 ಟನ್ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಬೇರೂರಿದ ನೇಪಿಯರಿನ ನಡುವೆ ಆಮೇಲೆ ಜೇಕು ತೆಗೆಯುವುದು ಬಹಳ ಕಷ್ಟ.

ನಾಟಿಗೆ ಸುಮಾರು ಮೂರು ತಿಂಗಳ ಬಲಿತ ಕಾಂಡ ಆರಿಸಿ. ತುದಿಯ ಎಳೆ ಭಾಗ ಕೊಳೆಯುತ್ತದೆ, ಬುಡದ ತೀರಾ ಗಟ್ಟಿ ಭಾಗ ತಡವಾಗಿ ಚಿಗುರುತ್ತದೆ, ನಡುವಿನದೇ ಒಳ್ಳೆಯದು. ಪ್ರತಿ ತುಂಡಿಗೆ ಮೂರು ಗೆಣ್ಣು. ಮೊಗ್ಗು ಮೇಲ್ಮುಖವಾಗಿರುವಂತೆ ಓರೆಯಾಗಿ ನೆಡಿ; ಎರಡು ಗೆಣ್ಣು ಮಣ್ಣಿನೊಳಗೆ, ಒಂದು ಹೊರಗೆ. ತಲೆಕೆಳಗಾಗಿ ನೆಟ್ಟ ತುಂಡುಗಳೇ ತಾಕಿನಲ್ಲಿ ಬೋಳು ಬೀಳುವ ಜಾಗಗಳಿಗೆ ಬಹಳ ಸಲ ಕಾರಣ. ತುಂಡು ಕತ್ತರಿಸುವಾಗ ಬುಡದ ಕಡೆ ಓರೆ, ತುದಿಯ ಕಡೆ ನೇರ ಕತ್ತರಿಸಿಟ್ಟರೆ ಆಳು ಯಾರೇ ನೆಟ್ಟರೂ ಗೊಂದಲವಿಲ್ಲ. ಸಾಲಿಗೆ 3 ಅಡಿ, ಗಿಡಕ್ಕೆ 2 ಅಡಿ ಬಿಟ್ಟರೆ ಎಕರೆಗೆ 7,260 ತುಂಡು ಹಿಡಿಯುತ್ತದೆ. 8,000 ಇಟ್ಟುಕೊಂಡಿದ್ದು ಮೂರನೇ ವಾರ ಸತ್ತ ಜಾಗ ತುಂಬಿ.

ಬುಡಕ್ಕೆ ಎಕರೆಗೆ 125 ಕಿಲೋ ಸೂಪರ್ ಫಾಸ್ಫೇಟು ಮತ್ತು 25 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೊಡಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರಂತೆ ಹೊಂದಿಸಿ. ಯೂರಿಯಾವನ್ನು ಚಿಗುರು ಬಂದ ಮೇಲೆ, ಮೂರನೇ ವಾರದಲ್ಲಿ 40 ಕಿಲೋ ಹಾಕಿ. ನೆಟ್ಟ ದಿನವೇ ನೀರು ಕಟ್ಟಿ, ಮೂರನೇ ದಿನ ಮತ್ತೊಮ್ಮೆ, ಆಮೇಲೆ ಮಣ್ಣು ನೋಡಿ 7ರಿಂದ 10 ದಿನಕ್ಕೊಮ್ಮೆ. ಮೊದಲ 45 ದಿನ ಎರಡು ಸಲ ಕಳೆ ತೆಗೆದರೆ ಆಮೇಲೆ ಹುಲ್ಲೇ ಕಳೆಯನ್ನು ಅದುಮುತ್ತದೆ.

ಮೊದಲ ಕೊಯ್ಲು 70ರಿಂದ 75ನೇ ದಿನ. ಬೇರು ಆಳಕ್ಕೆ ಇಳಿಯಲು ಅಷ್ಟು ಬೇಕು, ಇನ್ನೂ ಬೇಗ ಕೊಯ್ದರೆ ಬುಡ ದುರ್ಬಲವಾಗುತ್ತದೆ. ಆನಂತರ 40ರಿಂದ 45 ದಿನಕ್ಕೊಂದು ಕೊಯ್ಲು. ಎತ್ತರ 4ರಿಂದ 5 ಅಡಿ ಆದಾಗ ಕೊಯ್ದರೆ ಎಲೆ ಹೆಚ್ಚು, ಕಾಂಡ ಮೆದು. 70 ದಿನ ಬಿಟ್ಟರೆ ರಾಶಿ ದೊಡ್ಡದಾಗಿ ಕಾಣುತ್ತದೆ, ಆದರೆ ಪ್ರೋಟೀನು ಶೇ. 7ರ ಗೆರೆಗೆ ಬಂದು, ಕಾಂಡ ಕಟ್ಟಿಗೆಯಂತಾಗಿರುತ್ತದೆ. ಕತ್ತರಿಸಿ ಹಾಕಿದರೂ ದನ ಎಲೆ ಆರಿಸಿ ತಿಂದು ದಂಟು ಬಿಡುತ್ತದೆ. ಪೂರ್ತಿ ತಾಕು ಒಂದೇ ದಿನ ಹದಕ್ಕೆ ಬರದಂತೆ ನೋಡಿಕೊಳ್ಳಿ. ಒಂದು ಎಕರೆಯನ್ನು 40 ಪಟ್ಟಿಗಳೆಂದು ಗುರುತು ಹಾಕಿ ದಿನಕ್ಕೊಂದು ಪಟ್ಟಿ ಕೊಯ್ದರೆ, ಕೊನೆಯ ಪಟ್ಟಿ ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಹದಕ್ಕೆ ಬಂದಿರುತ್ತದೆ. ಮಳೆಗಾಲದಲ್ಲಿ ಬೆಳವಣಿಗೆ ಈ ಸರದಿಯನ್ನು ಮೀರುತ್ತದೆ. ಹೆಚ್ಚಾದ ಪಟ್ಟಿಗಳನ್ನು ಬಲಿಯಲು ಬಿಡದೆ ರಸಮೇವಿಗೆ ಹಾಕಿ.

ಕುಡುಗೋಲು ಹರಿತವಾಗಿರಲಿ, ನೆಲದಿಂದ 10ರಿಂದ 15 ಸೆಂ.ಮೀ. ಬಿಟ್ಟು ಕೊಯ್ಯಿರಿ. ಇದಕ್ಕಿಂತ ಎತ್ತರ ಬಿಟ್ಟರೆ ಮೇಲಿನ ಗೆಣ್ಣುಗಳಿಂದ ಸಣಕಲು ಕವಲು ಹೊರಡುತ್ತವೆ. ನೆಲಮಟ್ಟಕ್ಕೆ ಕೊಯ್ದರೆ ಬುಡದ ಮೊಗ್ಗು ಹೋಗಿ, ನೀರು ನಿಂತಾಗ ಕೂಳೆ ಕೊಳೆಯುತ್ತದೆ. ಮೂರು ಕೊಯ್ಲಿಗೊಮ್ಮೆ ಸಾಲು ಕೆದಕಿ ಬುಡಕ್ಕೆ ಮಣ್ಣು ಏರಿಸಿ, ಒಣಗಿದ ಹಳೆಯ ತೆಂಡೆಗಳನ್ನು ತೆಗೆಯಿರಿ.

ಗೊಬ್ಬರದ ವಿಚಾರದಲ್ಲಿ ಇನ್ನೊಂದು ಲೆಕ್ಕ ಇಲ್ಲೇ ಹೇಳಬೇಕು. ಎಕರೆಯಿಂದ ಒಂದು ಕೊಯ್ಲಿಗೆ 10 ಟನ್ ಹಸಿರು ಹೊರಗೆ ಹೋದರೆ ಅದರಲ್ಲಿ 2 ಟನ್ ಒಣಾಂಶ, ಅದರೊಳಗೆ ಸುಮಾರು 29 ಕಿಲೋ ಸಾರಜನಕ, 40 ಕಿಲೋದಷ್ಟು ಪೊಟ್ಯಾಷಿಯಂ ಇರುತ್ತದೆ. ವರ್ಷಕ್ಕೆ ಏಳೆಂಟು ಕೊಯ್ಲು. ಯೂರಿಯಾ ಒಂದನ್ನೇ ಹಾಕುತ್ತ ಹೋದರೆ ಎರಡನೇ ವರ್ಷ ಹಳೆಯ ಎಲೆಗಳ ಅಂಚು ಸುಟ್ಟಂತೆ ಒಣಗಿ, ಕಾಂಡ ಸಣ್ಣಗಾಗಿ, ಬುಡಗಳು ಸಾಯತೊಡಗುತ್ತವೆ. ಅದು ಪೊಟ್ಯಾಷ್ ಕೊರತೆ. ದನ ತಿಂದ ಪೊಟ್ಯಾಷಿಯಂನಲ್ಲಿ ಹೆಚ್ಚಿನ ಪಾಲು ಹೊರಬರುವುದು ಗಂಜಲದಲ್ಲಿ. ಆದ್ದರಿಂದ ಕೊಟ್ಟಿಗೆ ತೊಳೆದ ನೀರು ಮೋರಿಗೆ ಹೋಗದೆ ನೇಪಿಯರ್ ಸಾಲಿಗೆ ಹರಿಯುವಂತೆ ಕಾಲುವೆ ಮಾಡಿ, ಪ್ರತಿ ಸಲ ಬೇರೆ ಬೇರೆ ಪಟ್ಟಿಗೆ ತಿರುಗಿಸಿ. ಇದು ಸಾಧ್ಯವಿಲ್ಲದ ಕಡೆ ಪ್ರತಿ ಕೊಯ್ಲಿನ ನಂತರ, ಮೂರ್ನಾಲ್ಕು ದಿನಕ್ಕೆ ಚಿಗುರು ಕಂಡಾಗ, ಎಕರೆಗೆ 40ರಿಂದ 45 ಕಿಲೋ ಯೂರಿಯಾ ಮತ್ತು ಕನಿಷ್ಠ 15 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ತೇವವಿರುವಾಗ ಹಾಕಿ.

ಕುದುರೆ ಮೆಂತೆ

ಲೂಸರ್ನ್ ಎಂದರೂ ಇದೇ. ನೀರು ಬಸಿಯುವ, ಹುಳಿ ಇಲ್ಲದ ನೆಲ ಬೇಕು, ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಮೊದಲು ಸುಣ್ಣ ಹಾಕಿ ಸರಿಪಡಿಸಿ. ಎಕರೆಗೆ 8ರಿಂದ 10 ಕಿಲೋ ಬೀಜ. ಬೀಜ ತೀರಾ ಸಣ್ಣದು, 1ರಿಂದ 2 ಸೆಂ.ಮೀ.ಗಿಂತ ಆಳಕ್ಕೆ ಹೋದರೆ ಮೇಲೆ ಬರುವುದೇ ಇಲ್ಲ. ಈ ಬೆಳೆ ಹಿಂದೆಂದೂ ಇಲ್ಲದ ನೆಲವಾದರೆ ಬೀಜಕ್ಕೆ ಕುದುರೆ ಮೆಂತೆಗೇ ಮೀಸಲಾದ ರೈಜೋಬಿಯಂ (ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿ) ಅಂಟಿಸಿ ನೆರಳಲ್ಲಿ ಆರಿಸಿ ಬಿತ್ತಿ. ಅಲಸಂದೆಯ ರೈಜೋಬಿಯಂ ಇದಕ್ಕೆ ಕೆಲಸ ಮಾಡುವುದಿಲ್ಲ. ಆರನೇ ವಾರದಲ್ಲಿ ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ ಬೇರಿನ ಗಂಟು ಸೀಳಿ ನೋಡಿ. ಒಳಗೆ ಗುಲಾಬಿ ಕೆಂಪು ಇದ್ದರೆ ಗಂಟು ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂದರ್ಥ. ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ.

ಮೊದಲ ಕೊಯ್ಲು 70ರಿಂದ 75 ದಿನಕ್ಕೆ, ಆಮೇಲೆ 25ರಿಂದ 30 ದಿನಕ್ಕೊಮ್ಮೆ, ಹತ್ತರಲ್ಲೊಂದು ಗಿಡ ಹೂ ಬಿಟ್ಟಾಗ. ಪದೇ ಪದೇ ಎಳೆಯದಾಗಿ ಕೊಯ್ದರೆ ಬೇರಿನಲ್ಲಿ ಕೂಡಿಟ್ಟ ಸತ್ವ ಖಾಲಿಯಾಗಿ ತಾಕು ತೆಳುವಾಗುತ್ತದೆ.

ಈ ಬೆಳೆಯ ದೊಡ್ಡ ಶತ್ರು ಅಮರಬಳ್ಳಿ. ಎಲೆಯಿಲ್ಲದ ಹಳದಿ ದಾರದಂತೆ ಗಿಡ ಸುತ್ತಿ ರಸ ಹೀರುತ್ತದೆ. ಬರುವುದು ಬಹುತೇಕ ಬೀಜದ ಜೊತೆಗೇ, ಆದ್ದರಿಂದ ಪ್ರಮಾಣಿತ ಬೀಜವನ್ನೇ ಕೊಳ್ಳಿ. ಒಂದು ಕಡೆ ಕಂಡರೂ ಸುತ್ತ ಒಂದು ಅಡಿ ಸೇರಿಸಿ, ಅದು ಹೂ ಬಿಡುವ ಮೊದಲೇ ಗಿಡ ಸಮೇತ ಕಿತ್ತು ಸುಟ್ಟುಬಿಡಿ. ದಾರದ ತುಂಡೊಂದು ಉಳಿದರೂ ಮತ್ತೆ ಹಬ್ಬುತ್ತದೆ.

ಒಣಗಿಸಿ ಇಡುವುದಾದರೆ ಎಲೆ ಉಳಿಸಿಕೊಳ್ಳುವುದೇ ಕೆಲಸ, ಏಕೆಂದರೆ ಪ್ರೋಟೀನಿನ ಹೆಚ್ಚಿನ ಭಾಗ ಎಲೆಯಲ್ಲಿದೆ. ಮಧ್ಯಾಹ್ನದ ಬಿಸಿಲಲ್ಲಿ ಮಗುಚಿದರೆ ಎಲೆ ಪುಡಿಯಾಗಿ ನೆಲ ಸೇರಿ, ಕಡ್ಡಿ ಮಾತ್ರ ಬಣವೆಗೆ ಬರುತ್ತದೆ. ಬೆಳಗ್ಗೆ ಇಬ್ಬನಿಯ ಮೆದು ಇರುವಾಗಲೇ ಮಗುಚಿ. ತೇವ ಶೇ. 15ಕ್ಕೆ ಇಳಿಯುವ ಮೊದಲೇ ಒಟ್ಟಿದ ಬಣವೆ ಒಳಗೊಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ, ಕೆಲವೊಮ್ಮೆ ತಾನಾಗಿ ಬೆಂಕಿ ಹತ್ತುವುದೂ ಉಂಟು. ಒಂದು ಹಿಡಿ ಕಡ್ಡಿ ತಿರುಚಿದಾಗ ಲಟಕ್ಕನೆ ಮುರಿದರೆ ಒಣಗಿದೆ. ಬಳುಕಿದರೆ ಇನ್ನೂ ಒಂದು ದಿನ ಬೇಕು.

ಮೆಕ್ಕೆಜೋಳ ಮತ್ತು ಜೋಳ

ಹಸಿರಾಗಿಯೇ ಕೊಯ್ದು ಹಾಕುವ ಮೆಕ್ಕೆಜೋಳವನ್ನು ಎಕರೆಗೆ 25ರಿಂದ 30 ಕಿಲೋ ಬೀಜದಂತೆ ದಟ್ಟವಾಗಿ ಬಿತ್ತಬಹುದು. ಮೂರು ಸಾಲಿಗೊಂದು ಸಾಲು ಅಲಸಂದೆ ಸೇರಿಸಿದರೆ ಪ್ರೋಟೀನು ಏರುತ್ತದೆ. ಅದೇ ದಟ್ಟಣೆಯಲ್ಲಿ ರಸಮೇವಿಗೆ ಬಿತ್ತುವುದು ತಪ್ಪು. ರಸಮೇವಿನ ಶಕ್ತಿ ಇರುವುದು ಕಾಳಿನ ಪಿಷ್ಟದಲ್ಲಿ, ದಟ್ಟವಾದರೆ ತೆನೆಯೇ ಕಟ್ಟುವುದಿಲ್ಲ. ಸಾಲಿಗೆ 60 ಸೆಂ.ಮೀ., ಗಿಡಕ್ಕೆ 20 ಸೆಂ.ಮೀ. ಅಂತರದಲ್ಲಿ 8ರಿಂದ 10 ಕಿಲೋ ಬೀಜ ಸಾಕು, ಎಕರೆಗೆ ಸುಮಾರು 33,000 ಗಿಡ ನಿಲ್ಲುತ್ತವೆ. ಸುಳಿಯಲ್ಲಿ ಸೈನಿಕ ಹುಳು ಬಿದ್ದಿದೆಯೇ ಎಂದು ಎರಡನೇ ವಾರದಿಂದಲೇ ನೋಡುತ್ತಿರಿ: ಎಲೆಯಲ್ಲಿ ಸಾಲು ತೂತು, ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ. ಔಷಧಿ ಹೊಡೆದರೆ ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿಯುವವರೆಗೆ ಆ ಮೇವನ್ನು ದನದ ಹತ್ತಿರ ಸುಳಿಸಬೇಡಿ.

ರಸಮೇವಿನ ಹದವನ್ನು ದಿನದ ಲೆಕ್ಕದಿಂದ ನಿರ್ಧರಿಸದೆ ಕಾಳು ನೋಡಿ ನಿರ್ಧರಿಸಿ. ತಾಕಿನ ನಡುವಿನಿಂದ ಒಂದು ತೆನೆ ತಂದು ಅರ್ಧಕ್ಕೆ ಮುರಿಯಿರಿ. ತುದಿಯ ಕಡೆಯ ತುಂಡಿನಲ್ಲಿ, ಮುರಿದ ಬಾಯಿಯ ಕಾಳುಗಳನ್ನು ನೋಡಿ. ಕಾಳಿನ ಹೊರ ತುದಿಯಲ್ಲಿ ಗಟ್ಟಿ ಹಳದಿ, ದಿಂಡಿನ ಕಡೆ ಬಿಳಿ ಹಾಲು, ನಡುವೆ ಒಂದು ಗೆರೆ ಕಾಣುತ್ತದೆ. ಕಾಣದಿದ್ದರೆ ಉಗುರಿನಿಂದ ಹೊರ ತುದಿಯಿಂದ ಒತ್ತುತ್ತ ಬನ್ನಿ, ಗಟ್ಟಿ ಮುಗಿದು ಹಾಲು ಚಿಮ್ಮುವ ಜಾಗವೇ ಗೆರೆ. ಅದು ಅರ್ಧ ದಾರಿ ದಾಟಿ ಮೂರನೇ ಎರಡು ಭಾಗದೊಳಗಿದ್ದಾಗ ಇಡೀ ಗಿಡದ ಒಣಾಂಶ ಶೇ. 30ರಿಂದ 35ರ ನಡುವೆ ಇರುತ್ತದೆ. ಕೊಯ್ಲು ಆಗಲೇ. ಬೇಗ ಕೊಯ್ದರೆ ಗುಂಡಿಯಿಂದ ಕಂದು ರಸ ಹರಿದು ಸತ್ವ ಹೋಗುತ್ತದೆ. ತಡವಾದರೆ ಮೇವು ಅದುಮಿಗೆ ಕೂರುವುದಿಲ್ಲ, ಗಟ್ಟಿ ಕಾಳು ಅರಗದೆ ಸಗಣಿಯಲ್ಲಿ ಹಾಗೆಯೇ ಬರುತ್ತದೆ.

ಜೋಳವನ್ನು ಶೇ. 50 ಹೂ ಬಂದಾಗ ಕೊಯ್ಯಿರಿ. ಇದು ಇಳುವರಿಗಿಂತ ಹೆಚ್ಚಾಗಿ ಜೀವದ ಪ್ರಶ್ನೆ. ಎಳೆಯ ಜೋಳದಲ್ಲಿ, ಮಳೆ ಕೈಕೊಟ್ಟು ಬಾಡಿದ ಜೋಳದಲ್ಲಿ, ಬರದ ನಂತರ ಮಳೆ ಬಿದ್ದು ಹೊಡೆದ ಕೂಳೆ ಚಿಗುರಿನಲ್ಲಿ ಸಯನೈಡ್ ವಿಷ ಕೂಡಿರುತ್ತದೆ. ಮೊಣಕಾಲೆತ್ತರದ ಜೋಳಕ್ಕೆ ದನ ನುಗ್ಗಿದರೆ ಕೆಲವೇ ನಿಮಿಷಗಳಲ್ಲಿ ಏದುಸಿರು, ನಡುಕ, ಕುಸಿತ ಕಾಣುತ್ತದೆ. ಪಶುವೈದ್ಯರು ರಕ್ತನಾಳಕ್ಕೆ ಕೊಡುವ ಔಷಧಿಯೇ ಉಪಾಯ, ಅದಕ್ಕೂ ಸಮಯ ಸಿಗುವುದು ಅಪರೂಪ. ಹಾಗಾಗಿ ಜೋಳದ ತಾಕಿಗೆ ಬೇಲಿ ಗಟ್ಟಿ ಇರಲಿ.

ರಸಮೇವು ತುಂಬುವುದು

ಗುಂಡಿಯ ಗಾತ್ರ ನಿರ್ಧರಿಸುವಾಗ ಆಗುವ ತಪ್ಪು ಇದು: ಎಷ್ಟು ತುಂಬಬೇಕು ಎಂದು ಮಾತ್ರ ನೋಡುತ್ತಾರೆ, ದಿನಕ್ಕೆ ಎಷ್ಟು ತೆಗೆಯುತ್ತೇವೆ ಎಂದು ನೋಡುವುದಿಲ್ಲ. ತೆರೆದ ಮುಖಕ್ಕೆ ಗಾಳಿ ತಾಗಿ ಕೆಡುತ್ತ ಹೋಗುತ್ತದೆ. ಅದಕ್ಕಿಂತ ವೇಗವಾಗಿ, ದಿನಕ್ಕೆ ಕನಿಷ್ಠ 15 ಸೆಂ.ಮೀ., ಮುಖದುದ್ದಕ್ಕೂ ಕೆರೆದು ತೆಗೆಯಬೇಕು. ಚೆನ್ನಾಗಿ ಅದುಮಿದ ರಸಮೇವು ಘನ ಮೀಟರಿಗೆ ಸುಮಾರು 600 ಕಿಲೋ ತೂಗುತ್ತದೆ. ಕೊಬ್ಬು ಕೂರಿಸುವ ಕೊನೆಯ ತಿಂಗಳುಗಳಲ್ಲಿ 10 ದನಕ್ಕೆ ತಲಾ 15 ಕಿಲೋ ಎಂದರೆ ದಿನಕ್ಕೆ 150 ಕಿಲೋ, ಅಂದರೆ ಕಾಲು ಘನ ಮೀಟರು. 15 ಸೆಂ.ಮೀ. ಲೆಕ್ಕದಲ್ಲಿ ಮುಖ 1.7 ಚದರ ಮೀಟರು ಮೀರಬಾರದು. ಅಗಲ 1.5 ಮೀಟರು, ಎತ್ತರ 1.1 ಮೀಟರು ಸರಿಹೋಗುತ್ತದೆ. 16 ಟನ್ನಿಗೆ ಹೀಗೆ 16 ಮೀಟರು ಉದ್ದ ಬೇಕು, 8 ಮೀಟರಿನ ಎರಡು ಗುಂಡಿ ಮಾಡಿ. ಎರಡು ಮೂರು ದನ ಇರುವವರಿಗೆ ಗುಂಡಿ ಬೇಡ. ಗಾಳಿಯಾಡದ ಮುಚ್ಚಳದ ಡ್ರಮ್ಮು ಅಥವಾ ಒಳಚೀಲವಿರುವ ದಪ್ಪ ಪ್ಲಾಸ್ಟಿಕ್ ಚೀಲ ಒಳ್ಳೆಯದು, ಒಂದೊಂದನ್ನೇ ಒಡೆದು ಮುಗಿಸಬಹುದು.

ಕತ್ತರಿಸಿದ ತುಂಡು 1ರಿಂದ 2 ಸೆಂ.ಮೀ. ಇರಲಿ. ಉದ್ದವಾದರೆ ನಡುವೆ ಗಾಳಿ ಉಳಿಯುತ್ತದೆ. ಹದ ನೋಡಲು ಒಂದು ಹಿಡಿ ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಂಡಿ, ಕೈ ಬಿಚ್ಚಿ. ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿದರೆ ನೀರು ಹೆಚ್ಚು. ಉಂಡೆ ಹಾಗೆಯೇ ಗಟ್ಟಿಯಾಗಿ ಕೂತಿದ್ದರೆ ಇನ್ನೂ ಸ್ವಲ್ಪ ಹಸಿ. ಅಂಗೈಗೆ ತೇವ ತಾಗಿ, ಉಂಡೆ ನಿಧಾನವಾಗಿ ಬಿರಿದು ಸಡಿಲವಾದರೆ ಅದೇ ಹದ. ಬಿಚ್ಚಿದ ಕೂಡಲೇ ಉದುರಿದರೆ ಒಣಗಿಹೋಗಿದೆ. ನೇಪಿಯರ್ ಸಾಮಾನ್ಯವಾಗಿ ನೀರು ಹೆಚ್ಚಿರುವ ಕಡೆಗೇ ಬರುತ್ತದೆ, ಕೊಯ್ದು ಅರ್ಧ ದಿನ ಬಾಡಿಸಿ. ಅದರಲ್ಲಿ ಸಕ್ಕರೆ ಅಂಶವೂ ಕಡಿಮೆ, ಆದ್ದರಿಂದ ಟನ್ನಿಗೆ 30 ಕಿಲೋದಷ್ಟು ಕಾಕಂಬಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ಪದರ ಪದರಕ್ಕೂ ಚಿಮುಕಿಸಿ. ತೆನೆಯಿರುವ ಮೆಕ್ಕೆಜೋಳಕ್ಕೆ ಏನೂ ಬೆರೆಸಬೇಕಿಲ್ಲ.

ಪದರ 15 ಸೆಂ.ಮೀ. ಮೀರದಂತೆ ಹರವಿ ಅದುಮಿ. ಟ್ರ್ಯಾಕ್ಟರ್ ಹೋಗದ ಅಗಲದ ಗುಂಡಿಯಲ್ಲಿ ನೀರು ತುಂಬಿದ ಡ್ರಮ್ಮು ಉರುಳಿಸಿ, ಗೋಡೆಯ ಅಂಚು ಮತ್ತು ಮೂಲೆಗಳನ್ನು ಕಾಲಿನಿಂದಲೇ ತುಳಿಯಿರಿ, ಏಕೆಂದರೆ ಬೂಷ್ಟು ಶುರುವಾಗುವುದು ಅಲ್ಲೇ. ಬೆಳಗ್ಗೆ ಶುರು ಮಾಡಿದ ಗುಂಡಿಯನ್ನು ಅಂದೇ, ತಪ್ಪಿದರೆ ಮರುದಿನವೇ ಮುಗಿಸಿ ಮುಚ್ಚಿ. ಮೇಲ್ಭಾಗ ನಡುವೆ ಉಬ್ಬಿರಲಿ, ಮಳೆ ನೀರು ಜಾರಬೇಕು. ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಚನ್ನು ಮಣ್ಣಲ್ಲಿ ಹೂತು, ಮೇಲೆಲ್ಲ ಹಳೆಯ ಟೈರು ಅಥವಾ ಮರಳಿನ ಚೀಲ ಒತ್ತಾಗಿ ಇಡಿ. ಇಲಿ, ಕಾಗೆ ತೂತು ಮಾಡಿದ್ದು ಕಂಡ ದಿನವೇ ಟೇಪು ಅಂಟಿಸಿ.

45 ದಿನ ಬಿಟ್ಟು ತೆರೆಯಿರಿ. ಹಸಿರು ಮಿಶ್ರಿತ ಹಳದಿ ಬಣ್ಣ, ಹಿತವಾದ ಹುಳಿ ವಾಸನೆ, ಪಿಎಚ್ 4ರ ಆಸುಪಾಸು ಇದ್ದರೆ ಚೆನ್ನಾಗಿದೆ. ಕಂದು ಬಣ್ಣ ಬಂದು ಸುಟ್ಟ ಸಕ್ಕರೆಯ ವಾಸನೆ ಇದ್ದರೆ ಗಾಳಿ ಉಳಿದು ಬಿಸಿಯೇರಿತ್ತು. ದನ ಆಸೆಯಿಂದ ತಿನ್ನುತ್ತದೆ, ಆದರೆ ಪ್ರೋಟೀನು ಅರಗದಂತಾಗಿರುತ್ತದೆ. ಕೈ ತೊಳೆದರೂ ಹೋಗದ ಕೊಳೆತ ಬೆಣ್ಣೆಯ ವಾಸನೆ ಬಂದರೆ ತುಂಬುವಾಗ ನೀರು ಹೆಚ್ಚಿತ್ತು. ಬೂಷ್ಟು ಹಿಡಿದದ್ದನ್ನು ಆರಿಸಿ ತಿಪ್ಪೆಗೆ ಹಾಕಿ, ಒಳ್ಳೆಯದರ ಜೊತೆ ಬೆರೆಸಿ ಹಾಕುವ ಆಸೆ ಬೇಡ. ತುಂಬಿದ ಮೊದಲ ಮೂರು ವಾರ ಗುಂಡಿಯಿಂದ ವಿಷಾನಿಲ ಬರಬಹುದು. ಹಳದಿ ಕಂದು ಹೊಗೆ ತಗ್ಗಿನಲ್ಲಿ ತೆವಳುತ್ತಿದ್ದರೆ ಅಥವಾ ಬ್ಲೀಚಿನಂಥ ವಾಸನೆ ಬಂದರೆ ಜನ, ದನ ದೂರ ಇರಲಿ. ಆಳವಾದ ಗುಂಡಿಗೆ ಆಗ ಯಾರೂ ಇಳಿಯಬಾರದು, ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡು ತಳದಲ್ಲಿ ಕೂಡಿರುತ್ತದೆ.

ನೈಟ್ರೇಟು ಮತ್ತು ಹೊಟ್ಟೆ ಉಬ್ಬರ

ಯೂರಿಯಾ ಹಾಕಿದ ಮೇಲೆ ಬರ ಬಿದ್ದರೆ ಅಥವಾ ದಿನಗಟ್ಟಲೆ ಮೋಡ ಮುಸುಕಿದರೆ ಗಿಡ ಹೀರಿದ ನೈಟ್ರೇಟು ಪ್ರೋಟೀನಾಗದೆ ಕಾಂಡದ ಬುಡದಲ್ಲಿ ಉಳಿಯುತ್ತದೆ. ಒಣಾಂಶದಲ್ಲಿ ಶೇ. 1 ಮೀರಿದ ನೈಟ್ರೇಟು ಅಪಾಯ. ವಿಷವೇರಿದ ದನದ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ವಸಡು ನೀಲಿಯಾಗುತ್ತದೆ. ಬರ ಮುಗಿದು ಮಳೆ ಬಂದ ಕೂಡಲೇ ಕೊಯ್ಯದೆ ಒಂದು ವಾರ ಕಾಯಿರಿ, ಬುಡದ ಒಂದಡಿ ಬಿಟ್ಟು ಕೊಯ್ಯಿರಿ, ಒಣ ಹುಲ್ಲಿನೊಂದಿಗೆ ಬೆರೆಸಿ ಹಾಕಿ. ಒಣಗಿಸಿದರೆ ನೈಟ್ರೇಟು ಹೋಗುವುದಿಲ್ಲ, ರಸಮೇವಿನಲ್ಲಿ ಮಾತ್ರ ತಕ್ಕಮಟ್ಟಿಗೆ ಇಳಿಯುತ್ತದೆ.

ಹಸಿದ ದನಕ್ಕೆ ಇಬ್ಬನಿ ಆರದ ಕುದುರೆ ಮೆಂತೆ ಹಾಕಿದರೆ ಮೆಲುಕು ಹೊಟ್ಟೆಯಲ್ಲಿ ನೊರೆ ಕಟ್ಟಿ ಎಡ ಪಕ್ಕೆ ತಮಟೆಯಂತೆ ಉಬ್ಬುತ್ತದೆ. ಮೊದಲು ಒಣ ಹುಲ್ಲು ತಿನ್ನಿಸಿ, ಸೊಪ್ಪನ್ನು ಕೆಲವು ಗಂಟೆ ಬಾಡಿಸಿ, ಹುಲ್ಲಿನ ಜೊತೆ ಕತ್ತರಿಸಿ ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಉಬ್ಬಿದಾಗ ಕಾಲು ಲೀಟರಿನಿಂದ ಅರ್ಧ ಲೀಟರು ಅಡುಗೆ ಎಣ್ಣೆ ನಿಧಾನವಾಗಿ ಕುಡಿಸಿ, ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ, ತಡಮಾಡದೆ ಪಶುವೈದ್ಯರನ್ನು ಕರೆಸಿ. ತಲೆ ಮೇಲೆತ್ತಿ ಅವಸರದಲ್ಲಿ ಸುರಿದರೆ ಎಣ್ಣೆ ಶ್ವಾಸಕೋಶ ಸೇರುತ್ತದೆ. ಸುಬಾಬುಲ್ ಸೊಪ್ಪು ಹಾಕುವವರು ಅದನ್ನು ಒಣಾಂಶದ ಶೇ. 30ರೊಳಗೆ ಇಡಿ, ಅದರಲ್ಲಿರುವ ಮಿಮೋಸಿನ್ ಎಂಬ ವಿಷ ಹೆಚ್ಚಾದರೆ ಕೂದಲು ಉದುರಿ ಬೆಳವಣಿಗೆ ನಿಲ್ಲುತ್ತದೆ.

ಗೋದಲೆಯಲ್ಲಿ

ಬೆಳೆಯುವ ಹೋರಿ 300 ಕಿಲೋ ಇದ್ದಾಗ ದಿನದ ಮೇವು ಹೀಗಿರಬಹುದು: ನೇಪಿಯರ್ 15 ಕಿಲೋ, ಕುದುರೆ ಮೆಂತೆ 5, ರಸಮೇವು 5, ಒಣ ಹುಲ್ಲು 1, ಹಿಂಡಿ ಮಿಶ್ರಣ 2 ಕಿಲೋ. ಒಣಾಂಶ ಕೂಡಿದರೆ 8.3 ಕಿಲೋದ ಹತ್ತಿರ ಬರುತ್ತದೆ. ಜೊತೆಗೆ ಖನಿಜ ಮಿಶ್ರಣ 40 ಗ್ರಾಂ, ಉಪ್ಪು 25 ಗ್ರಾಂ. ನೇಪಿಯರಿನ ಆಕ್ಸಲೇಟು ಸುಣ್ಣದಂಶವನ್ನು ಕಟ್ಟಿಹಾಕುವುದರಿಂದ ಖನಿಜ ಮಿಶ್ರಣ ತಪ್ಪಿಸಬೇಡಿ. ಕೊನೆಯ ಮೂರ್ನಾಲ್ಕು ತಿಂಗಳು ಕೊಬ್ಬು ಕೂರಲು ಶಕ್ತಿ ಬೇಕು. ಆಗ ನೇಪಿಯರ್ ಇಳಿಸಿ ರಸಮೇವನ್ನು 15 ಕಿಲೋಗೆ, ಹಿಂಡಿ ಮಿಶ್ರಣದಲ್ಲಿ ಕಾಳಿನ ಪಾಲನ್ನು ಹಂತಹಂತವಾಗಿ ಏರಿಸಿ. ಹಸಿರು ಮೇವಿನಲ್ಲೇ ಬೆಳೆದ ದನದ ಕೊಬ್ಬು ಹಳದಿಯಾಗಿರುತ್ತದೆ. ಅದು ಮೇವಿನ ಕ್ಯಾರೋಟಿನ್ ಬಣ್ಣ, ರೋಗವಲ್ಲ. ಬಿಳಿ ಕೊಬ್ಬು ಬೇಡುವ ಕಡೆ ಮಾರುವುದಾದರೆ ಈ ಕೊನೆಯ ತಿಂಗಳುಗಳಲ್ಲಿ ಹಸಿರನ್ನು ಕಡಿಮೆ ಮಾಡುವುದು ಅದಕ್ಕೂ ಅನುಕೂಲ.

ಯಾವ ಬದಲಾವಣೆಯನ್ನೂ ಒಂದೇ ದಿನ ಮಾಡಬೇಡಿ. ಮೊದಲ ಮೂರು ದಿನ ಕಾಲು ಭಾಗ ಹೊಸ ಮೇವು, ಮುಂದಿನ ಮೂರು ದಿನ ಅರ್ಧ, ಆಮೇಲಿನ ಮೂರು ದಿನ ಮುಕ್ಕಾಲು. ಹತ್ತನೇ ದಿನ ಪೂರ್ತಿ. ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಲು ಅಷ್ಟು ಬೇಕು. ನೀರು ಸದಾ ಮುಂದಿರಲಿ, ಬಿಸಿಲುಗಾಲದಲ್ಲಿ 300 ಕಿಲೋದ ದನ 40 ಲೀಟರಿನವರೆಗೂ ಕುಡಿಯುತ್ತದೆ.

ಬೆಳಗ್ಗೆ ಮೇವು ಹಾಕುವ ಮೊದಲು ಗೋದಲೆಯಲ್ಲಿ ಉಳಿದದ್ದನ್ನು ತೂಗಿ. ಹಾಕಿದ್ದರಲ್ಲಿ ಶೇ. 5ರಷ್ಟು ಉಳಿದಿದ್ದರೆ ಪ್ರಮಾಣ ಸರಿ. ಗೋದಲೆ ನೆಕ್ಕಿದಂತೆ ಖಾಲಿಯಾಗಿದ್ದರೆ ದನ ಇನ್ನೂ ತಿನ್ನಬಲ್ಲದು, ಅರ್ಧ ಕಿಲೋ ಒಣಾಂಶದಷ್ಟು ಏರಿಸಿ ನೋಡಿ. ಬರೀ ದಂಟು ಉಳಿದಿದ್ದರೆ ಕೊಯ್ಲು ತಡವಾಗಿದೆ ಅಥವಾ ತುಂಡು ಉದ್ದವಾಗಿದೆ. ಕತ್ತರಿಸುವ ಯಂತ್ರದ ಬ್ಲೇಡು ಮಸೆಯಿರಿ, ನಾಳೆಯ ಪಟ್ಟಿಯ ಬದಲು ಎಳೆಯ ಪಟ್ಟಿಯನ್ನು ಕೊಯ್ಯಿರಿ, ಬಲಿತದ್ದನ್ನು ರಸಮೇವಿಗೆ ತಿರುಗಿಸಿ.